ಆಷಾಢದ ಮೋಟಾರು

ನಂಜುಂಡಸ್ವಾಮಿ ತನ್ನ ಮೋಟಾರು ಕಾರನ್ನು ಬರೆದು ಮುಗಿಸಿದ್ದು ಆಷಾಢದ ಮೊದಲ ಶುಕ್ರವಾರಕ್ಕೆ ಒಂದು ದಿನ ಮುಂಚೆ. ಅವನು ಮಾಡಿದ ತಪ್ಪೂ ಅದೇ.

ಕಾರಿನಲ್ಲಿ ಏನೂ ತಪ್ಪಿರಲಿಲ್ಲ. ಹಲಗೆಗಳನ್ನು ಜೋಡಿಸಿ, ಅಂಚು ಕೊಯ್ದು, ಮೂರು ತಿಂಗಳು ಮೈಬಗ್ಗಿಸಿ ಬರೆದ ಕಡುನೀಲಿ ಕಾರು. ಎರಡು ದೀಪ, ಬೆಳ್ಳಿಬಣ್ಣದ ಬಂಪರ್, ಮೇಲೆ ಗಾಜಿಲ್ಲದ ಒಂದು ಗಾಜಿನ ಚೌಕಟ್ಟು, ಹಿಂದೆ ಇಬ್ಬರು ಕೂರುವ ಒಂದು ಬೆಂಚು. ಬೆಂಚಿನ ಮೇಲೆ ಕೂತು ಚೌಕಟ್ಟಿನೊಳಗಿಂದ ಮುಖ ತೋರಿಸಿದರೆ ಎಂಥ ಹೊಲ ಉಳುವವನೂ ಫೋಟೋದಲ್ಲಿ ಕಾರಿನ ಯಜಮಾನನಾಗಿಬಿಡುತ್ತಿದ್ದ. ಚಾಮುಂಡಿ ಬೆಟ್ಟಕ್ಕೆ ಹರಕೆ ಹೊತ್ತು ಬರುವವರು ಚಪ್ಪಲಿ ಮೆಟ್ಟಿ ಬರುವುದಿಲ್ಲ. ಬರಿಗಾಲು ಫೋಟೋದಲ್ಲಿ ಬೀಳುತ್ತದಲ್ಲ ಎಂದು ಹಿಂಜರಿಯುವವರೇ ಹೆಚ್ಚು. ಈ ಕಾರಿನ ಹಿಂದೆ ಕೂತರೆ ಕಾಲೂ ಇಲ್ಲ, ಕೆಸರೂ ಇಲ್ಲ. ಹಲಗೆಯ ಕೆಳಗೆ ಬಿಳಿ ಅಕ್ಷರದಲ್ಲಿ 'ದಂಪತಿಗಳಿಗೆ ವಿಶೇಷ' ಎಂದು ಬರೆದು ಅವನು ಬ್ರಷ್ಷನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ.

ಪಕ್ಕದಲ್ಲೇ ಕಡ್ಲೆಪುರಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅವನ ತಾಯಿ ಪುಟ್ಟತಾಯಮ್ಮನಿಗೆ ಓದು ಬಾರದು. ಎರಡು ಸೀಟು ನೋಡಿದಳು, ಸಾಕಾಯಿತು.

"ಇದು ಗಂಡ ಹೆಂಡ್ರು ಕೂತ್ಕೊಳಾಕಾ?"

"ಮತ್ತಿನ್ಯಾರು?"

"ಅಲ್ಲ ಕಣ್ಲಾ, ಆಷಾಢದಲ್ಲಿ ನಿಂಗೆ ಗಂಡ ಹೆಂಡ್ರು ಎಲ್ಲಿಂದ ಬಂದಾರು? ಹೊಸ್ದಾಗಿ ಮದ್ವೆ ಆದೋರೆಲ್ಲ ಹೆಂಡ್ರನ್ನ ತೌರಿಗೆ ಕಳ್ಸಿ ಆಕಾಶ ನೋಡ್ಕಂಡು ಕುಂತವ್ರೆ!"

ಬೆಟ್ಟದ ಮೇಲೆ ಹುಟ್ಟಿ ಇಪ್ಪತ್ತಮೂರು ಆಷಾಢ ಕಂಡವನಿಗೆ ಅದು ಮರೆತೇಹೋಗಿತ್ತು. ಮದುವೆಯಾದ ಮೊದಲ ವರ್ಷದ ಆಷಾಢದಲ್ಲಿ ಗಂಡ ಹೆಂಡತಿ ಒಂದು ಕಡೆ ಇರಬಾರದು, ಒಟ್ಟಿಗೆ ಕೂರಬಾರದು. ಗಂಡ ಗಂಡನ ಕಡೆಯವರ ಜೊತೆ ಬೆಟ್ಟಕ್ಕೆ ಬರುತ್ತಾನೆ, ಹೆಂಡತಿ ತೌರಿನವರ ಜೊತೆ ಬೇರೆ ದಿನ ಬರುತ್ತಾಳೆ. ಫೋಟೋ ಹುಚ್ಚು ಇರುವುದೋ, ಆ ಹೊಸ ಮದುವೆಯವರಿಗೇ. ಮಕ್ಕಳಾದವರು ಕಾರಿನಲ್ಲಿ ಕೂರುವುದಿರಲಿ, ಕಡ್ಲೆಪುರಿಗೇ ಚೌಕಾಸಿ ಮಾಡುತ್ತಾರೆ.

ನಂಜುಂಡ ಹಲಗೆಗೆ ಒದೆಯಲು ಕಾಲೆತ್ತಿದ. ಬಣ್ಣ ಇನ್ನೂ ಹಸಿಯಾಗಿತ್ತು. ಕಾಲು ಇಳಿಸಿ ಬಂಡೆಗೆ ಒದ್ದ. ಬಂಡೆಗೇನೂ ಆಗಲಿಲ್ಲ.

ಅವನಿಗೆ ಕಳೆಯಲು ಒಂದು ಶುಕ್ರವಾರವೂ ಇರಲಿಲ್ಲ. ಗುಡಿಯ ಬೀದಿ ಮುಗಿಯುವಲ್ಲಿ, ಬಸ್ಸು ನಿಲ್ಲುವ ಕಡೆಯಿಂದ ಎಲ್ಲರೂ ಹಾದುಬರುವ ಅತ್ತಿಮರದ ಕೆಳಗಿನ ಈ ಬಂಡೆ ಅವನಪ್ಪ ಜವರಯ್ಯನ ಜಾಗ. ಹೂವು, ತೆಂಗಿನಕಾಯಿ, ಬಳೆ, ಬತ್ತಾಸು, ಚಿತ್ರ ತೋರಿಸುವ ಪೆಟ್ಟಿಗೆ ಎಲ್ಲದರ ನಡುವೆ ಜವರಯ್ಯ ತೇಗದ ಡಬ್ಬದ ಕ್ಯಾಮರಾ ಮೂರು ಕಾಲಿನ ಮೇಲೆ ನಿಲ್ಲಿಸಿ ಇಪ್ಪತ್ತು ವರ್ಷ ನಿಮಿಷದ ಫೋಟೋ ತೆಗೆದಿದ್ದ. ಅವನು ಸತ್ತ ಮೇಲೆ ಪೇಟೆಯಲ್ಲಿ ದೊಡ್ಡ ಸ್ಟುಡಿಯೋ ಇಟ್ಟಿದ್ದ ಲಕ್ಷ್ಮೀಪುರಂನ ಅನಂತಪದ್ಮನಾಭನ ಕಣ್ಣು ಈ ಜಾಗದ ಮೇಲೆ ಬಿತ್ತು. ಬೀದಿಯ ಅಂಗಡಿಗಳನ್ನು ನೋಡಿಕೊಳ್ಳುವ ಪಾರುಪತ್ತೇಗಾರ ಸದಾಶಿವಯ್ಯನವರು ಇಬ್ಬರನ್ನೂ ಕರೆಸಿ ತೀರ್ಮಾನ ಹೇಳಿದ್ದರು.

"ಒಂದು ಬೀದಿಗೆ ಒಂದೇ ಫೋಟೋ ಅಂಗಡಿ. ಆಷಾಢದ ನಾಲ್ಕು ಶುಕ್ರವಾರ ನಿನ್ನದಯ್ಯಾ, ನಂಜುಂಡ. ಜನ ಸಾಲು ನಿಂತರೆ ಮುಂದೂ ನೀನೇ ಇರು. ನಿಲ್ಲದಿದ್ದರೆ ಶ್ರಾವಣಕ್ಕೆ ಇವರು ಬರ್ತಾರೆ."

ಅನಂತಪದ್ಮನಾಭ ನಕ್ಕಿದ್ದ. "ಸಾಲೇ? ಇವನ ಫೋಟೋ ನೋಡಿದ್ದೀರಾ ಸ್ವಾಮಿ? ಡಬ್ಬದೊಳಗೆ ತೋಳು ತೂರಿಸಿ, ಎಮ್ಮೆಗೆ ಹೆರಿಗೆ ಮಾಡಿಸೋ ಹಾಗೆ ಎಳೀತಾನೆ."

ಆ ಮಾತು ನಂಜುಂಡನ ಹೊಟ್ಟೆಯಲ್ಲಿ ಕೆಂಡದ ಹಾಗೆ ಉಳಿದಿತ್ತು. ಅಂಥ ಕೆಂಡಗಳು ಅವನಲ್ಲಿ ಬೇಕಾದಷ್ಟಿದ್ದವು. ಆರನೇ ಕ್ಲಾಸಿನಲ್ಲಿ ಭೂಪಟದ ಎಡಕ್ಕೆ ತೋರಿಸು ಎಂದರೆ ಬಲಕ್ಕೆ ತೋರಿಸಿದ್ದಕ್ಕೆ ಮೇಷ್ಟ್ರು, "ಎಡ ಬಲ ಗೊತ್ತಿಲ್ಲದ ಕತ್ತೆ" ಎಂದು ಡಸ್ಟರ್ ಎಸೆದಿದ್ದರು. ಇವನು ಅದೇ ಡಸ್ಟರನ್ನು ಹಿಂದಕ್ಕೆ ಎಸೆದು ಹೊರಗೆ ಬಂದವನು ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ.

ಮೊದಲ ಶುಕ್ರವಾರ ಬೆಳಿಗ್ಗೆಯಿಂದ ಜನ ಬಂದರು. ಬಂದವರು ಕಾರು ನೋಡಿದರು, ಮುಟ್ಟಿದರು, ಹಾರನ್ ಎಲ್ಲಿ ಎಂದು ಕೇಳಿದರು, ಹೋದರು. ಹೂವಿನಂಗಡಿಯ ಶಾಮಣ್ಣ ಅಲ್ಲಿಂದಲೇ ಕೂಗಿದ.

"ಏನ್ ನಂಜುಂಡಾ, ನಿನ್ ಕಾರಿಗೆ ಪೆಟ್ರೋಲ್ ಇಲ್ವಾ?"

"ಬಾ, ನಿನ್ನೇ ಸುರೀತೀನಿ!"

ಹತ್ತು ಗಂಟೆಯ ಬಸ್ಸಿನಲ್ಲಿ ಉತ್ತನಹಳ್ಳಿಯ ಕೆಂಚಮ್ಮ ತನ್ನ ಮಗಳು ಬೆಟ್ಟಮ್ಮನನ್ನು ಕರೆದುಕೊಂಡು ಬಂದಿಳಿದಳು. ಹುಡುಗಿಗೆ ಮದುವೆಯಾಗಿ ನಾಲ್ಕು ತಿಂಗಳು. ಕೈ ತುಂಬ ಹಸಿರು ಬಳೆ. ಕಾರು ಕಂಡವಳೇ ಓಡಿಬಂದು ಬೆಂಚಿನ ಮೇಲೆ ಕೂತುಬಿಟ್ಟಳು. ಕೂತ ಮೇಲೆ ಪಕ್ಕದ ಸೀಟು ನೋಡಿ ಮುಖ ಸಣ್ಣದು ಮಾಡಿಕೊಂಡಳು.

"ಏಳವ್ವಾ ಮೇಲಕ್ಕೆ," ಎಂದಳು ಕೆಂಚಮ್ಮ. "ಗಂಡ ಗುಂಡ್ಕಲ್ಲಿನಂಗೆ ಇರೋವಾಗ ಖಾಲಿ ಸೀಟು ಪಕ್ಕ ಇಟ್ಕಂಡು ಪೋಟ ತೆಗ್ಸಿದ್ರೆ ಕಂಡೋರು ಏನಂದಾರು?"

"ಬ್ಯಾಡ ಅಂದ್ರೆ ಬ್ಯಾಡ, ಎದ್ದೋಗಿ," ಎಂದ ನಂಜುಂಡ. ಗಿರಾಕಿಯನ್ನು ಓಲೈಸುವುದು ಅವನ ಜಾಯಮಾನವಲ್ಲ.

ಹುಡುಗಿ ಏಳಲಿಲ್ಲ. ಚೌಕಟ್ಟಿನ ಅಂಚು ಸವರುತ್ತ ಕೇಳಿದಳು. "ಅಣ್ಣಾ, ಮುಂದಿನ ಶುಕ್ರವಾರ ಅವ್ರೂ ಬೆಟ್ಟಕ್ಕೆ ಬತ್ತಾರೆ. ಅಲ್ಲೀಗಂಟ ಈ ಕಾರು ಕಾಯಾಕಿಲ್ವಾ?"

ಅವಳು ಕೇಳಿದ್ದು ಆಸೆಗೆ. ನಂಜುಂಡನಿಗೆ ಮಾತ್ರ ಯಾರೋ ತಲೆಯ ಮೇಲೆ ಹೊಡೆದ ಹಾಗಾಯಿತು. ಅವನು ಕಾರು ನೋಡಿದ, ಡಬ್ಬ ನೋಡಿದ, ಮತ್ತೆ ಕಾರು ನೋಡಿದ.

"ಕಾಯ್ತದೆ," ಎಂದ. "ನೀವು ಹೋಗಿ ಹಣ್ಣುಕಾಯಿ ಮಾಡಿಸ್ಕೊಂಡು ಬನ್ನಿ. ಕಾಯ್ತದೋ ಇಲ್ವೋ ಅಷ್ಟ್ರಲ್ಲಿ ನೋಡಿಬಿಡ್ತೀನಿ."

ಅವರು ಗುಡಿಯ ಸಾಲಿಗೆ ಹೋಗುತ್ತಲೇ ಅವನು ತಾಯಿಯನ್ನು ರಟ್ಟೆ ಹಿಡಿದು ಎಬ್ಬಿಸಿ ಕಾರಿನಲ್ಲಿ ಕೂರಿಸಿದ.

ನಿಮಿಷದ ಫೋಟೋ ಎಂದರೆ ಡಬ್ಬದೊಳಗೇ ಎಲ್ಲ ಕೆಲಸ. ಕರಿಬಟ್ಟೆಯ ತೋಳಿನೊಳಗೆ ಕೈ ತೂರಿಸಿ, ಒಳಗಿನ ಕತ್ತಲಲ್ಲಿ ಕಾಗದ ನಿಲ್ಲಿಸಬೇಕು. ಮುಂದಿನ ಮುಚ್ಚಳ ತೆಗೆದು, ಎಣಿಸಿ, ಹಾಕಬೇಕು. ಮತ್ತೆ ಕೈಯಲ್ಲೇ ಆ ಕಾಗದವನ್ನು ಒಳಗಿನ ಮದ್ದಿನ ತಟ್ಟೆಯಲ್ಲಿ ತೊಳೆಯಬೇಕು. ಹೊರಗೆ ಬರುವುದು ಕಪ್ಪು ಬಿಳುಪು ತಿರುವುಮುರುವಾದ ಚಿತ್ರ. ಅದನ್ನು ಕ್ಯಾಮರಾದ ಮುಂದೆ ಸಿಕ್ಕಿಸಿ ಇನ್ನೊಂದು ಸಲ ಫೋಟೋ ತೆಗೆದರೆ ಆಗ ಸರಿಯಾದ ಚಿತ್ರ. ನಂಜುಂಡ ಯೋಚಿಸಿದ್ದು ಇಷ್ಟೇ. ಕಾಗದದ ಅರ್ಧಕ್ಕೆ ಕರಿರಟ್ಟು ಮುಚ್ಚಿದರೆ ಬೆಳಕು ತಾಗುವುದು ಇನ್ನರ್ಧಕ್ಕೆ ಮಾತ್ರ. ಆ ಅರ್ಧದಲ್ಲಿ ಹೆಂಡತಿ. ಮದ್ದಿಗೆ ಹಾಕದೆ, ಬೆಳಕು ಕಾಣದ ಹಾಗೆ ಎತ್ತಿಟ್ಟರೆ ಉಳಿದರ್ಧ ಗಂಡ ಬರುವವರೆಗೆ ಖಾಲಿ ಕೂತಿರುತ್ತದೆ.

ತಾಯಿಯನ್ನು ಒಂದು ಸೀಟಿನಲ್ಲಿ ಕೂರಿಸಿ ಒಂದು ಅರ್ಧ, ಇನ್ನೊಂದರಲ್ಲಿ ಕೂರಿಸಿ ಇನ್ನೊಂದು ಅರ್ಧ ತೆಗೆದ. ತೊಳೆದು ನೋಡಿದರೆ ಕಾರಿದೆ, ಎರಡು ಖಾಲಿ ಸೀಟಿದೆ, ತಾಯಿಯೇ ಇಲ್ಲ.

"ನಾನೆಲ್ಲಿ ಹೋದ್ನೋ?" ಎಂದು ಪುಟ್ಟತಾಯಮ್ಮ ನಿಜವಾಗಿಯೂ ಹೆದರಿ ಕೇಳಿದಳು.

ನಂಜುಂಡ ತನ್ನ ತಲೆಗೆ ತಾನೇ ಹೊಡೆದುಕೊಂಡ. ಡಬ್ಬದೊಳಗೆ ಎಲ್ಲವೂ ತಿರುಗಿ ಬೀಳುತ್ತದೆ. ಹೊರಗಿನ ಎಡ ಒಳಗೆ ಬಲ. ಅವನು ಯೋಚಿಸಿ ಯೋಚಿಸಿ ಎರಡು ಸಲವೂ ತಾಯಿಯ ಚಿತ್ರ ಬೀಳುವ ಕಡೆಯನ್ನೇ ಮುಚ್ಚಿದ್ದ. ಎಡ ಬಲ ಗೊತ್ತಿಲ್ಲದ ಕತ್ತೆ! ಆದರೆ ಈ ಡಬ್ಬಕ್ಕೆ ಬೇಕಾಗಿದ್ದುದು ಅಂಥದೇ ಕತ್ತೆ. ಎಡ ಎಂದರೆ ಬಲಕ್ಕೆ ಕೈ ಹಾಕುವುದು ಅವನಿಗೆ ಹುಟ್ಟುಗುಣ. ಮತ್ತೆ ತೆಗೆಯುವಾಗ ಅವನು ಯೋಚಿಸಲೇ ಇಲ್ಲ, ಕೈ ಹೋದ ಕಡೆ ಬಿಟ್ಟ.

ಈ ಸಲ ಕಾರಿನಲ್ಲಿ ಇಬ್ಬರು ಪುಟ್ಟತಾಯಮ್ಮಂದಿರು ಕೂತಿದ್ದರು. ಇಬ್ಬರ ನಡುವೆ, ಬೆಳಕು ಎರಡು ಸಲ ತಾಗಿದ ಕಡೆ, ಒಂದು ಬಿಳಿ ಗೆರೆ ಮಾತ್ರ ಅಸಹ್ಯವಾಗಿ ಕಾಣುತ್ತಿತ್ತು. ನಂಜುಂಡ ಒಂದು ತೆಳು ಮರದ ರೀಪು ತಂದು, ಕರಿ ಬಳಿದು, ಚೌಕಟ್ಟಿನ ನಟ್ಟನಡುವೆ ನಿಲ್ಲಿಸಿ ಮೊಳೆ ಹೊಡೆದ. ಗೆರೆ ಬೀಳುವುದಾದರೆ ಆ ಕರಿಕಂಬಿಯ ಮೇಲೆ ಬಿದ್ದು ಅಲ್ಲೇ ಸಾಯಲಿ. ಮುಂದಿನ ವಾರ ಕ್ಯಾಮರಾ ಒಂದು ಬೆರಳು ಅತ್ತಿತ್ತ ಸರಿದರೂ ಗಂಡನ ಮೂಗು ಹೆಂಡತಿಯ ಕಿವಿಗೆ ಅಂಟೀತು. ಅದಕ್ಕೆ ಉಳಿ ಸುತ್ತಿಗೆ ತಂದು ಮೂರು ಕಾಲಿಗೂ ಬಂಡೆಯಲ್ಲಿ ಮೂರು ಗುಳಿ ತೋಡಿದ. ಕಾರಿನ ಹಲಗೆಗೂ ಎರಡು.

ಕೆಂಚಮ್ಮ ಪ್ರಸಾದ ಹಿಡಿದು ಬರುವಷ್ಟರಲ್ಲಿ ಇಬ್ಬರು ಪುಟ್ಟತಾಯಮ್ಮಂದಿರ ಸುತ್ತ ಹತ್ತು ಜನ ಸೇರಿದ್ದರು.

"ಅಲ್ಲ ಮಗಾ, ಇದು ತೆಪ್ಪಲ್ವಾ? ಆಷಾಢ್ದಲ್ಲಿ ಒಟ್ಗೆ ಕೂರಂಗಿಲ್ಲ."

"ಒಟ್ಟಿಗೆ ಎಲ್ಲಿ ಕೂರ್ತಾರವ್ವಾ? ಅವಳು ಇವತ್ತು ಕೂರ್ತಾಳೆ, ಎದ್ದು ಮನೆಗೆ ಹೋಗ್ತಾಳೆ."

ಕೆಂಚಮ್ಮ ಬಹಳ ಹೊತ್ತು ಯೋಚಿಸಿ, "ಅಂಗಾರೆ ಸರಿ," ಎಂದಳು.

ಬೆಟ್ಟಮ್ಮ ಕೂತಳು. "ಮುಂದಕ್ಕೆ ನೋಡು," ಎಂದ ನಂಜುಂಡ. ಅವಳು ನೋಡಿದಳು. ಅವನು ಮುಚ್ಚಳ ತೆಗೆದ ಕ್ಷಣದಲ್ಲೇ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ, ಅಲ್ಲಿ ಯಾರೋ ಏನೋ ಅಂದಂತೆ ನಕ್ಕುಬಿಟ್ಟಳು. ಒಂದು, ಎರಡು, ಮೂರು. ಮುಚ್ಚಳ ಬಿತ್ತು.

"ಮುಂದಕ್ಕೆ ನೋಡು ಅಂದ್ರೆ ಎಲ್ಲಿ ನೋಡ್ತೀಯಮ್ಮಾ? ಕಾಗದ ಹಾಳು ಮಾಡಿಬಿಟ್ಟೆ!"

"ಇರ್ಲಿ ಬುಡಣ್ಣ, ಅಂಗೇ ಇರ್ಲಿ."

ಕಾಗದವನ್ನು ಕರಿಲಕೋಟೆಗೆ ಸೇರಿಸಿ, ಮೇಲೆ ಬರೆಯಲು ಗಂಡನ ಹೆಸರು ಕೇಳಿದ. ಅವಳು ಸೆರಗು ಕಚ್ಚಿಕೊಂಡು ಸುಮ್ಮನೆ ನಿಂತಳು. ಕೆಂಚಮ್ಮನೇ ಹೇಳಬೇಕಾಯಿತು. "ಕೃಷ್ಣಪ್ಪ ಅಂತ ಬರ್ಕೊ. ಹಿನಕಲ್ಲು. ಮಿಲ್ಲಲ್ಲಿ ಕೆಲ್ಸ."

"ಬಿಸಿಲು ಹೀಗೇ ಬೀಳಬೇಕು. ಹತ್ತು ಗಂಟೆ ಬಸ್ಸಿಗೇ ಬರೋಕೆ ಹೇಳಿ ಕಳ್ಸಿ."

ಆ ವಾರ ಇನ್ನೂ ಐದು ಹೆಂಗಸರು ಕೂತರು. ಸುದ್ದಿ ಬೆಟ್ಟ ಇಳಿದು ಪೇಟೆಗೂ ಹೋಯಿತು.

ಎರಡನೇ ಶುಕ್ರವಾರ ಬಿಸಿಲೇ ಇರಲಿಲ್ಲ. ಮಂಜು ಬಂದು ಗೋಪುರದ ಕಳಶ ನುಂಗಿತ್ತು. ಹತ್ತು ಗಂಟೆಯ ಬಸ್ಸು ಬಂತು, ಕೃಷ್ಣಪ್ಪ ಬರಲಿಲ್ಲ. ಬಂದದ್ದು ಅನಂತಪದ್ಮನಾಭ, ಪಾರುಪತ್ತೇಗಾರರ ಜೊತೆ ಒಂದೇ ಛತ್ರಿಯಲ್ಲಿ.

"ಏನಪ್ಪಾ ನಂಜುಂಡ, ಅರ್ಧ ಹೆಂಡತಿ ಇಟ್ಕೊಂಡಿದ್ದೀಯಂತೆ. ಇನ್ನರ್ಧ ಗಂಡ ಎಲ್ಲಿ?" ಎಂದ ಅನಂತಪದ್ಮನಾಭ. ಸುತ್ತ ನಿಂತವರು ನಕ್ಕರು.

"ಬರ್ತಾನೆ."

"ಒಂದು ವಾರ ಇಟ್ಟ ಕಾಗದದಲ್ಲಿ ಇನ್ನೇನು ಉಳಿದಿರುತ್ತೆ? ಹಳಸಿದ ಅನ್ನದ ಹಾಗೆ ಆಗಿರುತ್ತೆ. ಮೂವತ್ತು ವರ್ಷದಿಂದ ಈ ಕಸುಬಿನಲ್ಲಿದ್ದೇನೆ ಕಣಯ್ಯ ನಾನು."

ನಂಜುಂಡ ಮುಷ್ಟಿ ಬಿಗಿದ. ತಾಯಿ ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಸದಾಶಿವಯ್ಯನವರು ಇಬ್ಬರು ಪುಟ್ಟತಾಯಮ್ಮಂದಿರ ಚಿತ್ರವನ್ನು ಕನ್ನಡಕ ಮೇಲೆತ್ತಿ ನೋಡುತ್ತ ನಿಂತಿದ್ದರು.

ಹತ್ತೂವರೆಯಾಯಿತು. ಅಷ್ಟರಲ್ಲಿ ಮೆಟ್ಟಿಲ ದಾರಿಯ ಕಡೆಯಿಂದ ಒಬ್ಬ ಓಡಿಬಂದ. ಮೈಯೆಲ್ಲ ಬೆವರು, ಹಣೆತುಂಬ ಕುಂಕುಮ, ಒದ್ದೆ ಅಂಗಿ. ಬಂಡೆಯ ಹತ್ತಿರ ಬಂದು ಸೊಂಟ ಹಿಡಿದು ಬಗ್ಗಿ ನಿಂತ.

"ಬಸ್ನಲ್ಲಿ ಕಾಲಿಡಾಕೆ ಜಾಗ ಇರ್ನಿಲ್ಲ... ಮೆಟ್ಲತ್ತಿ ಬಂದ್ಬುಟ್ಟೆ. ನಾನು ಕೃಷ್ಣಪ್ಪ. ನನ್ ಕಾರು ಹೊಂಟೋಯ್ತಾ?"

"ಇಲ್ಲೇ ಐತೆ, ಕೂತ್ಕೋ!" ನಂಜುಂಡನ ದನಿ ಇಡೀ ಬೀದಿಗೆ ಕೇಳಿಸಿತು.

ಪುಟ್ಟತಾಯಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು. ಕೃಷ್ಣಪ್ಪ ಬಡಿಗೆ ನುಂಗಿದವನ ಹಾಗೆ ನೆಟ್ಟಗೆ ಕೂತ. ಲಕೋಟೆಯ ಕಾಗದವನ್ನು ಡಬ್ಬದೊಳಗೆ ನಿಲ್ಲಿಸಿ ಮುಚ್ಚಳಕ್ಕೆ ಕೈ ಹಾಕಿದ ನಂಜುಂಡನಿಗೆ ಹೋದ ವಾರದ ನಗು ನೆನಪಾಯಿತು.

"ಎಡಕ್ಕೆ ತಿರುಗು. ಪಕ್ಕದಲ್ಲಿ ನಿನ್ನ ಹೆಂಡ್ತಿ ಕೂತವಳೆ. ಅವಳನ್ನ ನೋಡು."

"ಎಲ್ಲವಳೆ?"

"ಹೋದ ಶುಕ್ರವಾರದಲ್ಲಿ."

ಕೃಷ್ಣಪ್ಪ ತಿರುಗಿದ. ಖಾಲಿ ಬೆಂಚು ನೋಡಿದ. ನೋಡುತ್ತ ನೋಡುತ್ತ ಅವನ ಬಿಗಿದ ಮುಖ ತಾನಾಗಿ ಸಡಿಲವಾಯಿತು. ಮಂಜಿಗೆ ಮೂರು ಎಣಿಸಿದರೆ ಸಾಲದು. ಆರೂ ಸಾಲದು. ನಂಜುಂಡ ಒಂಬತ್ತರವರೆಗೆ ಎಣಿಸಿ ಮುಚ್ಚಳ ಹಾಕಿದ.

ಅವನ ತೋಳು ಡಬ್ಬದೊಳಗೆ ಮೊಣಕೈವರೆಗೆ ಹೋಗಿತ್ತು. ಈಗ ಎಮ್ಮೆ ಹೆರಿಗೆ ಎಂದು ನಗುವವರು ನಗಲಿ ಎಂದುಕೊಂಡ. ಯಾರೂ ನಗಲಿಲ್ಲ. ಕಾಗದ ಹೊರಬಂತು, ನೀರಿಗೆ ಬಿತ್ತು, ಕ್ಯಾಮರಾದ ಮುಂದೆ ಹೋಗಿ ನಿಂತಿತು. ಎರಡನೇ ಕಾಗದ ಬಕೆಟ್ಟಿನಿಂದ ಎದ್ದಾಗ ನಂಜುಂಡ ಅದನ್ನು ತಾನೂ ನೋಡದೆ ನೇರವಾಗಿ ಕೃಷ್ಣಪ್ಪನ ಕೈಗಿಟ್ಟ.

ಕಾರಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಅವಳು ಅವನ ಕಡೆ ತಿರುಗಿ ನಗುತ್ತಿದ್ದಳು, ಅವನು ಅವಳನ್ನೇ ನೋಡುತ್ತಿದ್ದ. ನಡುವಿನ ಕರಿಕಂಬಿ ಕಾರಿನದೇ ಕಂಬಿಯಾಗಿತ್ತು.

ಕೃಷ್ಣಪ್ಪ ಒದ್ದೆ ಕಾಗದವನ್ನು ಅಂಗೈ ಮೇಲೆ ಇಟ್ಟುಕೊಂಡು, ಗಾಳಿಗೆ ಹಾರದಂತೆ ಇನ್ನೊಂದು ಕೈ ಅಡ್ಡ ಹಿಡಿದು ನಿಂತ. ಶಾಮಣ್ಣ ಹೂವಿನಂಗಡಿ ಬಿಟ್ಟು ಓಡಿಬಂದು ನೋಡಿ, ಒಂದು ಮೊಳ ಕನಕಾಂಬರ ತಂದು ಕ್ಯಾಮರಾಕ್ಕೇ ಮುಡಿಸಿಬಿಟ್ಟ.

"ಇದು ಶಾಸ್ತ್ರಕ್ಕೆ ವಿರೋಧ," ಎಂದ ಅನಂತಪದ್ಮನಾಭ. "ಆಷಾಢದಲ್ಲಿ ಜೋಡಿ ಕೂರಿಸಿದ್ದಾನೆ. ಅದೂ ದೇವಿಯ ಬೀದಿಯಲ್ಲಿ. ಪಾರುಪತ್ತೇಗಾರರು ನೋಡ್ತಾ ನಿಂತಿದ್ದಾರೆ!"

ನಂಜುಂಡ ಎರಡು ಹೆಜ್ಜೆ ಮುಂದೆ ಬಂದ. "ಅವಳು ಕೂತದ್ದು ಹೋದ ಶುಕ್ರವಾರ, ಇವನು ಕೂತದ್ದು ಈ ಶುಕ್ರವಾರ. ಇಬ್ಬರ ಮಧ್ಯೆ ಏಳು ದಿವಸ ಐತೆ. ಏಳು ದಿವಸ ಅಗಲದ ಬೆಂಚು ನಿಮ್ಮ ಸ್ಟುಡಿಯೋದಲ್ಲಿ ಐತಾ ಸ್ವಾಮಿ?"

ಜನ ಹೋ ಎಂದರು. ಸದಾಶಿವಯ್ಯನವರು ಕನ್ನಡಕ ಇಳಿಸಿ, "ನೋಡೋಣ," ಎಂದಷ್ಟೇ ಹೇಳಿ ಛತ್ರಿ ಬಿಚ್ಚಿಕೊಂಡು ಹೋದರು. ಅವರು ಹೋದದ್ದು ಯಾರೂ ಗಮನಿಸಲಿಲ್ಲ. ಆಗಲೇ ಸಾಲು ಹೂವಿನಂಗಡಿ ದಾಟಿತ್ತು.

ಮೂರನೇ ಶುಕ್ರವಾರ ಸಾಲು ಬಳೆಯಂಗಡಿಯವರೆಗೆ ಹೋಯಿತು. ಅಶೋಕಪುರಂನಿಂದ ಬಂದರು, ವರುಣಾದಿಂದ ಬಂದರು, ನಂಜನಗೂಡಿನ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದರು. ಅತ್ತೆಯರು ಸೊಸೆಯರನ್ನು ತೌರಿಗೆ ಕಳಿಸುವಾಗಲೇ ಮೊದಲು ಬೆಟ್ಟದ ಕಾರಿನಲ್ಲಿ ಕೂತು ಬರುವಂತೆ ಹೇಳತೊಡಗಿದರು. ಡಬ್ಬದ ಪಕ್ಕದ ಪೆಟ್ಟಿಗೆಯಲ್ಲಿ ಕರಿಲಕೋಟೆಗಳು ರಾಶಿ ಬಿದ್ದವು.

"ಊರೋರ ಹೆಂಡ್ರನ್ನೆಲ್ಲ ಪೆಟ್ಗೇಲಿ ಮಡಿಕ್ಕಂಡಿದೀಯ," ಎಂದಳು ಪುಟ್ಟತಾಯಮ್ಮ. "ನಿಂಗೇ ಅಂತ ಒಬ್ಳು ಸಿಗ್ನಿಲ್ವಲ್ಲೋ."

ಕೊನೆಯ ಶುಕ್ರವಾರ ಅನಂತಪದ್ಮನಾಭ ಒಬ್ಬ ಗಾರೆಯವನನ್ನು ಕರೆದುಕೊಂಡು ಬಂದ. ಶಾಸ್ತ್ರದ ಮಾತು ಪಾರುಪತ್ತೇಗಾರರ ಮನಸ್ಸಿಗೆ ನಾಟಿದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಇಲ್ಲದಿದ್ದರೆ ಹದಿನೈದು ದಿನ ಅವರು ಈ ಕಡೆ ಸುಳಿಯದೆ ಇರುತ್ತಿದ್ದರೇ? ಸಾಲಿನಲ್ಲಿ ನಿಂತವರನ್ನು ಸರಿಸಿ ಬಂಡೆಯ ಹತ್ತಿರ ಬಂದು ಬೆತ್ತದಿಂದ ತೋರಿಸಿದ.

"ಈ ಐದು ಗುಳಿಗೂ ಸಿಮೆಂಟು ತುಂಬು. ನಾಡಿದ್ದು ನನ್ನ ಸ್ಟುಡಿಯೋದ ಪರದೆ ಇಲ್ಲಿ ನಿಲ್ಲಬೇಕು."

ನಂಜುಂಡ ಉಳಿ ಕೈಗೆತ್ತಿಕೊಂಡ. "ಆ ಗುಳಿಗೆ ಸಿಮೆಂಟು ಬಿತ್ತು ಅಂದ್ರೆ, ಆಮೇಲೆ ಇಲ್ಲಿ ಏನಾಯ್ತದೋ ನಂಗೇ ಗೊತ್ತಿಲ್ಲ."

"ನೋಡಿ, ಎಲ್ಲರೂ ನೋಡಿ, ಹೇಗೆ ಹೆದರಿಸ್ತಾನೆ!"

"ಯಾರು ಯಾರನ್ನ ಹೆದರಿಸ್ತಿದ್ದಾರೆ?"

ಸಾಲಿನೊಳಗಿಂದಲೇ ದನಿ ಬಂತು. ಸದಾಶಿವಯ್ಯನವರು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ, ಮುಂದೆ ಇನ್ನೂ ನಾಲ್ಕು ಜನ ಇದ್ದರು. ಪಕ್ಕದಲ್ಲಿ ಅವರ ಮಗಳು ವೇದವತಿ, ಹೋದ ಮಾಘದಲ್ಲಿ ಮದುವೆಯಾದವಳು, ಮುಡಿತುಂಬ ಮಲ್ಲಿಗೆ ಮುಡಿದು ತಲೆ ತಗ್ಗಿಸಿ ನಿಂತಿದ್ದಳು.

ಮುಂದಿದ್ದ ನಾಲ್ವರೂ ತಾವಾಗಿ ದಾರಿ ಬಿಟ್ಟರು. ಸದಾಶಿವಯ್ಯನವರು ಬಂಡೆಯ ಬಳಿ ಬಂದು ಗಂಟಲು ಸರಿಮಾಡಿಕೊಂಡರು.

"ನಂಜುಂಡ, ಒಂದು ವಿಷಯ ಕೇಳ್ತೀನಿ. ನಮ್ಮ ಅಳಿಯ ಇರೋದು ಬೊಂಬಾಯಲ್ಲಿ. ರಜ ಸಿಗೋದು ದಸರಾಕ್ಕೆ. ಅಷ್ಟು ಹೊತ್ತಿಗೆ ಇವಳಿಗೆ ಏಳು ತಿಂಗಳು ಆಗಿರುತ್ತೆ, ಬೆಟ್ಟ ಹತ್ತಿಸೋ ಹಾಗಿಲ್ಲ. ಇವಳನ್ನ ಇವತ್ತು ಕೂರಿಸಿದರೆ, ನಿನ್ನ ಕಾಗದ ದಸರಾವರೆಗೆ ಕಾಯುತ್ತೋ?"

ನಂಜುಂಡ ಒಂದು ಕ್ಷಣ ಅವರ ಮುಖ ನೋಡಿದ. ಉಳಿಯನ್ನು ನಿಧಾನವಾಗಿ ಕೆಳಗಿಟ್ಟ.

"ಕಾಗದ ಕಾಯ್ತದೆ ಸ್ವಾಮಿ. ಆದ್ರೆ ಕ್ಯಾಮರಾ ಇವತ್ತು ನಿಂತ ಗುಳೀಲೇ ಅವತ್ತೂ ನಿಲ್ಲಬೇಕು. ಕಾರೂ ಇಲ್ಲೇ ಇರಬೇಕು. ಒಂದು ಬೆರಳು ಸರಿದರೂ ನಿಮ್ಮ ಅಳಿಯಂದ್ರ ಮುಖ ಎಲ್ಲಿ ಬೀಳ್ತದೋ ನಾನು ಹೇಳೋಕಾಗಲ್ಲ. ಶ್ರಾವಣಕ್ಕೆ ಇಲ್ಲಿ ಬೇರೆಯವರ ಪರದೆ ಬರ್ತದಂತೆ. ಅವರನ್ನೇ ಕೇಳಿ."

ಬೀದಿಯೇ ಕಿವಿ ನಿಮಿರಿಸಿತು. ಸದಾಶಿವಯ್ಯನವರು ಬಂಡೆಯ ಗುಳಿಗಳನ್ನು ನೋಡಿದರು, ಬಳೆಯಂಗಡಿಯನ್ನೂ ದಾಟಿ ಬಸ್ಸಿನವರೆಗೆ ಹೋಗಿದ್ದ ಸಾಲನ್ನು ನೋಡಿದರು, ಕೊನೆಗೆ ಸಿಮೆಂಟು ಕಲಸಲು ಕೂತಿದ್ದ ಗಾರೆಯವನನ್ನು ನೋಡಿದರು.

"ಏಳಯ್ಯಾ ಮೇಲಕ್ಕೆ. ಆ ಗುಳಿ ಮುಟ್ಟಬೇಡ." ಆಮೇಲೆ ಅನಂತಪದ್ಮನಾಭನ ಕಡೆ ತಿರುಗಿದರು. "ಸಾಲು ನಿಂತರೆ ಇವನೇ ಅಂತ ಹೇಳಿದ್ದೆ. ನಾನೇ ಸಾಲಿನಲ್ಲಿ ನಿಂತಿದ್ದೇನೆ. ಇನ್ನು ಕೇಳೋದು ಏನಿದೆ?"

"ಆದರೆ ಶಾಸ್ತ್ರ..."

"ಏಳು ದಿವಸದ ಬೆಂಚಾದರೆ ಅನುಮಾನ ಪಡಬಹುದು. ಇದು ಮೂರು ತಿಂಗಳದು. ಯಾವ ಶಾಸ್ತ್ರಕ್ಕೂ ಇಷ್ಟು ದೂರ ಸಾಕು."

ಶಾಮಣ್ಣ ಶಿಳ್ಳೆ ಹಾಕಿದ. ಸಾಲಿನ ಕೊನೆಯಲ್ಲಿದ್ದವರಿಗೆ ಏನಾಯಿತೆಂದು ತಿಳಿಯದಿದ್ದರೂ ಅವರೂ ಕೂಗಿದರು. ಅನಂತಪದ್ಮನಾಭ ಬೆತ್ತ ಬಗಲಿಗೆ ಸೇರಿಸಿ ಬಸ್ಸಿನ ಕಡೆ ನಡೆದ. ಬಸ್ಸಿಗೆ ಹೋಗಲು ಆ ಸಾಲಿನ ಉದ್ದಕ್ಕೂ ನಡೆಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ವೇದವತಿ ಕಾರಿನಲ್ಲಿ ಕೂತಳು. ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬೊಂಬಾಯಿಯ ಕಡೆಗೇ ತಿರುಗಿದವಳ ಹಾಗೆ ಖಾಲಿ ಸೀಟಿನತ್ತ ನೋಡಿದಳು. ನಂಜುಂಡ ತೋಳು ಡಬ್ಬದೊಳಗೆ ತೂರಿಸಿ ಎಡವೆಂದು ಬಲವನ್ನು ಮುಚ್ಚಿದ, ಮೂರರವರೆಗೆ ಎಣಿಸಿದ.

ಲಕೋಟೆ ಪೆಟ್ಟಿಗೆಗೆ ಸೇರಿದ ಮೇಲೆ ಅವನು ಬ್ರಷ್ಷು ಹುಡುಕಿ ತೆಗೆದ. ಸಾಲು ಕಾಯಲಿ. 'ದಂಪತಿಗಳಿಗೆ ವಿಶೇಷ' ಎಂಬುದರ ಮೇಲೆ ಕಡುನೀಲಿ ಬಳಿದು, ಒಣಗುವವರೆಗೂ ತಡೆಯಲಾರದೆ, ಹಸಿಯ ಮೇಲೇ ದೊಡ್ಡ ಬಿಳಿ ಅಕ್ಷರದಲ್ಲಿ ಬರೆದ:

ಕಾರು ಕಾಯುತ್ತದೆ.